ಚನ್ನಗಿರಿಯ ಧೋಂಡಿಯ ವಾಘ್: ಒಂದು ಸೆರೆವಾಸದ ಚರಿತ್ರೆ

1. ಪ್ರವೇಶ

ಸಂತೇಬೆನ್ನೂರಿನ ಪುಷ್ಕರಿಣಿಯ ಮೆಟ್ಟಿಲುಗಳ ಮೇಲೆ ನಿಂತವರಿಗೆ ಎರಡು ಕಟ್ಟಡಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ನೀರಿನ ನಡುವೆ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರಖಾನೆ. ಮೊದಲನೆಯದನ್ನು ಹದಿನಾರನೆಯ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕನ ಹೆಸರಿನೊಡನೆಯೂ, ಎರಡನೆಯದನ್ನು ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯನ್ನು ಗೆದ್ದ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಹೆಸರಿನೊಡನೆಯೂ ಸ್ಥಳೀಯ ಚರಿತ್ರೆ ಜೋಡಿಸುತ್ತದೆ. ನೆಲೆ ಕಳೆದುಕೊಂಡ ನಾಯಕರ ಮನೆತನ ತರೀಕೆರೆಗೆ ಸರಿಯಿತು. ಅದೇ ಮನೆತನದ ಸರ್ಜಾ ಹನುಮಪ್ಪ ನಾಯಕನು 1830-31ರ ನಗರ ಬಂಡಾಯದಲ್ಲಿ ಪಾಲ್ಗೊಂಡು 1834ರಲ್ಲಿ ಗಲ್ಲಿಗೇರಿದನು. ಬಿಜಾಪುರ, ಕೆಳದಿ, ಚಿತ್ರದುರ್ಗ, ಮರಾಠರು, ಹೈದರನ ಮೈಸೂರು, ಕೊನೆಗೆ ಕಂಪನಿ ಸರ್ಕಾರ ಹೀಗೆ ಒಡೆತನ ಬದಲಾಗುತ್ತಲೇ ಬಂದ ಈ ನಾಡಿನಲ್ಲಿ, ಪ್ರತಿಯೊಂದು ಬದಲಾವಣೆಯೂ ಗೆದ್ದವರನ್ನು ಮತ್ತು ಸತ್ತವರನ್ನು ಮಾತ್ರವಲ್ಲದೆ ಸೆರೆಯಾದವರನ್ನೂ ಹಿಂದೆ ಬಿಟ್ಟುಹೋಗಿದೆ.

ಗೆದ್ದವರಿಗೆ ಶಾಸನವಿದೆ. ಸತ್ತವರಿಗೆ ವೀರಗಲ್ಲು ಇದೆ. ತುರುಗೋಳಿನಲ್ಲಿ ಮಡಿದವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ, ಪೆಣ್ಬುಯ್ಯಲಿನಲ್ಲಿ ಹೆಂಗಸರ ಸೆರೆ ಬಿಡಿಸಲು ಹೋಗಿ ಪ್ರಾಣ ಕೊಟ್ಟವನಿಗೆ ನಮ್ಮ ಪೂರ್ವಿಕರು ಕಲ್ಲು ನಿಲ್ಲಿಸಿದರು. ಆದರೆ ಸೆರೆಯಲ್ಲಿ ಬೇಡಿ ಹೊತ್ತು ವರ್ಷಗಳನ್ನು ಕಳೆದು ಬದುಕಿ ಬಂದವನಿಗಾಗಲಿ, ಅಲ್ಲಿಯೇ ಸವೆದುಹೋದವನಿಗಾಗಲಿ ಪ್ರತ್ಯೇಕವಾದ ಸ್ಮಾರಕ ಪ್ರಕಾರವೊಂದು ನಮ್ಮಲ್ಲಿ ರೂಪುಗೊಳ್ಳಲಿಲ್ಲ. ಜಾನಪದ ಅಧ್ಯಯನವು ವೀರತ್ವವನ್ನು ಹೆಚ್ಚಾಗಿ ರಣರಂಗದ ಮರಣದೊಂದಿಗೆ ಸಮೀಕರಿಸುತ್ತ ಬಂದಿರುವುದಕ್ಕೆ ಈ ಪರಂಪರೆಯೂ ಒಂದು ಕಾರಣವಾಗಿರಬಹುದು.

ಪ್ರಸ್ತುತ ಲೇಖನವು ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದು, ಬಿಡುಗಡೆಯಾದ ಹದಿನಾರು ತಿಂಗಳಲ್ಲಿ ಕಂಪನಿಯ ಸೈನ್ಯದ ಕತ್ತಿಗೆ ಬಲಿಯಾದ ಧೋಂಡಿಯ ವಾಘನನ್ನು ಕುರಿತದ್ದು. ಅವನ ಕೊನೆಯ ಹದಿನಾರು ತಿಂಗಳ ಬಗ್ಗೆ ಪುಟಗಟ್ಟಲೆ ದಾಖಲೆಗಳಿವೆ. ಅದಕ್ಕೆ ಮುಂಚಿನ ಸೆರೆವಾಸದ ಬಗ್ಗೆ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಆ ವಾಕ್ಯಗಳನ್ನು ನಿಧಾನವಾಗಿ ಓದಿದರೆ ನಂತರದ ಹದಿನಾರು ತಿಂಗಳ ಅರ್ಥ ಬದಲಾಗುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

2. ಸೆರೆಗೆ ಮುಂಚಿನ ಧೋಂಡಿಯ

ಧೋಂಡಿಯ ಮರಾಠಾ ಮನೆತನದವನು. ‘ವಾಘ್’ ಎಂದರೆ ಮರಾಠಿಯಲ್ಲಿ ಹುಲಿ. ಮನೆಮಾತು ಯಾವುದೇ ಇರಲಿ, ಹುಟ್ಟಿ ಬೆಳೆದದ್ದು ಕನ್ನಡದ ಊರಿನಲ್ಲಿ. ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿ, ಬೆಟ್ಟದ ಮೇಲಿನ ಕೋಟೆ ಮತ್ತು ರಂಗನಾಥನ ಗುಡಿಯೊಂದಿಗೆ, 1763ರಲ್ಲಿ ಕೆಳದಿ ರಾಜ್ಯ ಪತನವಾದ ಮೇಲೆ ಹೈದರಾಲಿಯ ಆಳ್ವಿಕೆಗೆ ಸೇರಿತು. ಹೊಸ ದೊರೆಗೆ ಕುದುರೆ ಸವಾರರು ಬೇಕಾಗಿದ್ದರು. ಭೂಮಿಯೂ ಪಾಳೆಯವೂ ಇಲ್ಲದ, ಆದರೆ ಕುದುರೆ ಮತ್ತು ಭರ್ಜಿ ಬಲ್ಲ ಯುವಕರಿಗೆ ಅಂದಿನ ದಿನಗಳಲ್ಲಿ ಅದೇ ಉದ್ಯೋಗ. ಧೋಂಡಿಯ ಹೈದರನ ಅಶ್ವದಳವನ್ನು ಸೇರಿ ಕ್ರಮೇಣ ಮೇಲೇರಿದನು.

1790-92ರ ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಅವನು ಕೆಲವು ಸಂಗಡಿಗರೊಂದಿಗೆ ಟಿಪ್ಪುವಿನ ಸೈನ್ಯವನ್ನು ತೊರೆದು ಧಾರವಾಡ ಸೀಮೆಗೆ ಹೋದನು. ಲಕ್ಷ್ಮೇಶ್ವರದ ಸುತ್ತಮುತ್ತ ಆಶ್ರಯ ಪಡೆದು, ಮರಾಠರ ವಶದಲ್ಲಿದ್ದ ಹಾವೇರಿ, ಸವಣೂರು ಭಾಗಗಳಲ್ಲಿ ಸುಲಿಗೆಯಿಂದ ತನ್ನ ದಂಡನ್ನು ಸಾಕಿದನು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಂಡಿನ ನಾಯಕ, ಪಾಳೆಯಗಾರ, ಸುಲಿಗೆಗಾರ ಎಂಬ ಮೂರು ಪಾತ್ರಗಳ ನಡುವಿನ ಗೆರೆ ತೆಳುವಾಗಿತ್ತು. ಯಾರ ಹಿಡಿತದಲ್ಲಿ ಕೋಟೆ ಉಳಿಯಿತೋ ಅವನು ಅರಸನಾದ, ಯಾರ ಕೈಯಿಂದ ಜಾರಿತೋ ಅವನು ಕಳ್ಳನಾದ. ಹೈದರಾಲಿಯೇ ಸಾಮಾನ್ಯ ಸವಾರನಾಗಿ ಆರಂಭಿಸಿ ರಾಜ್ಯ ಕಟ್ಟಿದವನು ಎಂಬುದು ಧೋಂಡಿಯನಂಥವರ ಕಣ್ಣೆದುರಿಗೇ ಇದ್ದ ನಿದರ್ಶನ.

ಪೇಶ್ವೆಯ ಪರವಾಗಿ ಈ ಭಾಗವನ್ನು ನೋಡಿಕೊಳ್ಳುತ್ತಿದ್ದ ಧೋಂಡೋಪಂತ ಗೋಖಲೆಯು ಬೆನ್ನಟ್ಟಿದಾಗ ಧೋಂಡಿಯನಿಗೆ ನಿಲ್ಲಲು ನೆಲ ಉಳಿಯಲಿಲ್ಲ. 1794ರ ಮಧ್ಯಭಾಗದಲ್ಲಿ ಸುಮಾರು 200 ಸವಾರರೊಂದಿಗೆ ಅವನು ತಾನು ಬಿಟ್ಟುಬಂದಿದ್ದ ಟಿಪ್ಪುವಿನ ಬಳಿಗೇ ಮರಳಿದನು. ಆಶ್ರಯದ ಭರವಸೆಯ ಮೇಲೆ ಬಂದವನು ಬಂದಿಯಾದನು.

3. ಶ್ರೀರಂಗಪಟ್ಟಣದ ಸೆರೆ: ಒಂದು ಆಡಳಿತ ಪದ್ಧತಿ

ಧೋಂಡಿಯನ ಸೆರೆ ಒಂಟಿ ಘಟನೆಯಲ್ಲ. ಹೈದರ್ ಮತ್ತು ಟಿಪ್ಪುವಿನ ಮೈಸೂರಿನಲ್ಲಿ ಸೆರೆಯೆಂಬುದು ಕೇವಲ ಅಪರಾಧಕ್ಕೆ ವಿಧಿಸುವ ಶಿಕ್ಷೆಯಾಗಿರಲಿಲ್ಲ. ಹಳೆಯ ಅಧಿಕಾರ ಕೇಂದ್ರಗಳನ್ನು ಒಡೆದು ಹೊಸ ರಾಜ್ಯವನ್ನು ಕಟ್ಟುವ ಸಾಧನವೂ ಆಗಿತ್ತು. 1763ರಲ್ಲಿ ಬಿದನೂರು ಬಿದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿ ಇರಿಸಲಾಯಿತು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ಆಕೆಯನ್ನು ಬಿಡಿಸಿತಾದರೂ ಪುಣೆಯ ದಾರಿಯಲ್ಲಿಯೇ ಆಕೆ ತೀರಿಕೊಂಡಳು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಮದಕರಿ ನಾಯಕನನ್ನು ಕುಟುಂಬಸಮೇತ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವನು ಮತ್ತೆ ದುರ್ಗವನ್ನು ಕಾಣಲಿಲ್ಲ. ಸುಮಾರು 20,000 ಬೇಡರನ್ನು ದುರ್ಗದ ಸೀಮೆಯಿಂದ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತೆಂದೂ, ಅವರಲ್ಲಿನ ಹುಡುಗರನ್ನು ಮತಾಂತರಗೊಳಿಸಿ ‘ಚೇಲಾ’ ಎಂಬ ಪಡೆಗಳಲ್ಲಿ ಸೇರಿಸಲಾಯಿತೆಂದೂ ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಮೈಸೂರಿನ ಒಡೆಯರ ಮನೆತನವೇ ತನ್ನ ರಾಜಧಾನಿಯಲ್ಲಿ ಅಧಿಕಾರವಿಲ್ಲದೆ ಕಾವಲಿನಲ್ಲಿ ದಿನ ಕಳೆಯುತ್ತಿತ್ತು.

ಹೀಗೆ ನೋಡಿದಾಗ ಸೆರೆ, ಮತಾಂತರ, ಹೊಸ ಹೆಸರು ಮತ್ತು ಹೊಸ ಸೇವೆ ಒಂದೇ ಸರಪಳಿಯ ಕೊಂಡಿಗಳು. ಧೋಂಡಿಯನ ವಿಷಯದಲ್ಲೂ ಇದೇ ಕ್ರಮ ಕಾಣುತ್ತದೆ. ಅವನನ್ನು ಬಲವಂತವಾಗಿ ಇಸ್ಲಾಮಿಗೆ ಸೇರಿಸಲಾಯಿತೆಂದು ಇಂಗ್ಲಿಷ್ ಬರಹಗಾರರು ಹೇಳುತ್ತಾರೆ. ಮಲಿಕ್ ಜಹಾನ್ ಖಾನ್ ಎಂಬ ಹೆಸರು ಅವನಿಗೆ ಬಂದುದು ಆಗಲೇ. ಆದರೆ ಸರಪಳಿಯ ಕೊನೆಯ ಕೊಂಡಿ ಇಲ್ಲಿ ಬೆಸೆಯಲಿಲ್ಲ. ಹೆಸರು ಬದಲಾದ ಮೇಲೂ ಅವನು ವಿಶ್ವಾಸಕ್ಕೆ ಅರ್ಹನೆಂದು ಪರಿಗಣಿತನಾಗಲಿಲ್ಲ. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗಲೂ ಅವನು ಸಂಕಲೆಯಲ್ಲೇ ಇದ್ದನು. ಅವನಿಂದ ನಿರೀಕ್ಷಿಸಿದ ವಿಧೇಯತೆಯನ್ನು ಸೆರೆ ಪಡೆಯಲಾಗಲಿಲ್ಲ ಎಂದು ಇದರಿಂದ ಊಹಿಸಲು ಅವಕಾಶವಿದೆ. ಬಂದಿಯ ಮನೋಬಲಕ್ಕೆ ನಮಗೆ ದೊರೆಯುವ ಪರೋಕ್ಷ ಸಾಕ್ಷ್ಯ ಇದು.

ಟಿಪ್ಪುವಿನ ಆಡಳಿತವನ್ನು ಕುರಿತ ವಾಗ್ವಾದದಲ್ಲಿ ಧೋಂಡಿಯನನ್ನು ಒಂದು ಪಕ್ಷದ ಸಾಕ್ಷಿಯನ್ನಾಗಿ ನಿಲ್ಲಿಸುವುದು ಸುಲಭ. ಹಾಗೆ ಮಾಡುವುದು ಈ ಲೇಖನದ ಉದ್ದೇಶವಲ್ಲ. ಕಂಪನಿಯ ವಿರುದ್ಧ ಕೊನೆಯವರೆಗೆ ಕಾದಿ ಕೋಟೆಯ ಬಾಗಿಲಲ್ಲಿ ಮಡಿದ ರಾಜ್ಯವೂ, ತನ್ನ ಆಶ್ರಯ ಬೇಡಿ ಬಂದವನಿಗೆ ಬೇಡಿ ತೊಡಿಸಿದ ರಾಜ್ಯವೂ ಒಂದೇ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಬಂದಿಗೂ ನ್ಯಾಯ ಸಲ್ಲದು, ದೊರೆಗೂ ಸಲ್ಲದು.

ಸೆರೆಯ ಈ ಚರಿತ್ರೆ ನಮ್ಮ ಮಾತಿನಲ್ಲಿಯೂ ಉಳಿದಿದೆ. ಸೆರೆ, ಕೋಳ, ಬೇಡಿ ಎಂಬ ಮಾತುಗಳ ಜೊತೆಗೆ ಪಾರಸಿಯಿಂದ ಬಂದ ಕೈದಿ, ಬಂದೀಖಾನೆಗಳು ಸೇರಿದವು. ಪೋರ್ಚುಗೀಸರ ಪದವೊಂದು ಮರಾಠಿಯ ಮೂಲಕ ‘ತುರಂಗ’ವಾಗಿ ಬಂದಿತು. ಕಂಪನಿಯ ಕಾಲಕ್ಕೆ ‘ಜೈಲು’ ಬಂದಿತು. ಪ್ರತಿ ಪ್ರಭುತ್ವವೂ ತನ್ನ ಸೆರೆಮನೆಗೆ ತನ್ನ ಹೆಸರನ್ನಿಟ್ಟಿತು. ಒಳಗಿದ್ದವನ ಪಾಲಿಗೆ ಕಬ್ಬಿಣ ಒಂದೇ ಆಗಿತ್ತು.

4. ಒಂದೇ ಕೋಟೆ, ಎರಡು ಬಗೆಯ ಬಂದಿಗಳು

ಶ್ರೀರಂಗಪಟ್ಟಣದ ಸೆರೆಯಲ್ಲಿ ಕಂಪನಿಯ ಸೈನಿಕರೂ ಇದ್ದರು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಎದುರು ಸಂಪೂರ್ಣವಾಗಿ ಸೋತು ಹಲವರು ಸೆರೆಯಾದರು. ಬೈಲಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಸತ್ತನು. ಅವನೊಂದಿಗೆ ಸೆರೆಯಾದ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಗಾಯಗಳೊಂದಿಗೆ ಸುಮಾರು ಮೂರೂವರೆ ವರ್ಷ ಬೇಡಿಯಲ್ಲಿದ್ದು 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆ ಹೊಂದಿದನು. 1799ರ ಮೇ 4ರಂದು ಕೋಟೆಯ ಒಡಕಿನೊಳಗೆ ನುಗ್ಗಿದ ದಾಳಿಯನ್ನು ಮುನ್ನಡೆಸಿದವನು ಇದೇ ಬೇರ್ಡ್.

ಈ ಇಂಗ್ಲಿಷ್ ಬಂದಿಗಳ ಅನುಭವ ಒಂದು ಸಾಹಿತ್ಯವನ್ನೇ ಸೃಷ್ಟಿಸಿತು. ಸೆರೆಯಾಳುಗಳ ನೆನಪುಗಳನ್ನು ಒಳಗೊಂಡ ಯುದ್ಧವೃತ್ತಾಂತ 1788ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾಯಿತು. ಜೇಮ್ಸ್ ಬ್ರಿಸ್ಟೋ, ಜೇಮ್ಸ್ ಸ್ಕರಿ ಮೊದಲಾದವರ ಆತ್ಮವೃತ್ತಾಂತಗಳು ಹಿಂಬಾಲಿಸಿದವು. ಲಿಂಡಾ ಕಾಲಿ 2002ರಲ್ಲಿ ಪ್ರಕಟಿಸಿದ ‘ಕ್ಯಾಪ್ಟಿವ್ಸ್’ ಎಂಬ ಅಧ್ಯಯನದಲ್ಲಿ ಇಂಥ ಬರಹಗಳು ಬ್ರಿಟಿಷರ ಸಾಮ್ರಾಜ್ಯಭಾವನೆಯನ್ನು ರೂಪಿಸಿದ ಬಗೆಯನ್ನು ವಿವರಿಸಿದ್ದಾರೆ. ಬೇರ್ಡನ ಕುರಿತು ಒಂದು ಐತಿಹ್ಯವೂ ಹುಟ್ಟಿತು. ಬಂದಿಗಳನ್ನು ಇಬ್ಬಿಬ್ಬರಂತೆ ಒಂದೇ ಸರಪಳಿಗೆ ಬಿಗಿದಿದ್ದಾರೆಂಬ ಸುದ್ದಿ ಊರಿಗೆ ತಲುಪಿದಾಗ, ಮಗನ ಒರಟು ಸ್ವಭಾವವನ್ನು ಬಲ್ಲ ತಾಯಿ ಅವನ ಜೊತೆ ಕಟ್ಟಿಸಿಕೊಂಡವನಿಗಾಗಿ ಮರುಗಿದಳಂತೆ. ಜಾನಪದ ವಿದ್ಯಾರ್ಥಿಗೆ ಇದರ ಸತ್ಯಾಸತ್ಯಕ್ಕಿಂತ ಇದರ ಇರುವಿಕೆಯೇ ಮುಖ್ಯ. ಬಂದಿಗೆ ಒಬ್ಬ ತಾಯಿ, ಒಂದು ಊರು, ಒಂದು ಸ್ವಭಾವ ಮತ್ತು ಒಂದು ನಗೆಮಾತು ದಕ್ಕಿವೆ. ಅವನು ಮನುಷ್ಯನಾಗಿ ಉಳಿದಿದ್ದಾನೆ.

ಅದೇ ದ್ವೀಪದಲ್ಲಿ, ಹೆಚ್ಚೆಂದರೆ ಹತ್ತು ಹದಿನೈದು ವರ್ಷಗಳ ಅಂತರದಲ್ಲಿ, ಬೇರ್ಡನಿಗಿಂತ ಕಡಿಮೆಯಿಲ್ಲದ ಅವಧಿಯನ್ನು ಬೇಡಿಯಲ್ಲಿ ಕಳೆದ ಧೋಂಡಿಯನಿಗೆ ದೊರೆತ ಸ್ಥಾನವೇನು? ಅವನ ತಾಯಿ ಯಾರೆಂಬುದು ಚರಿತ್ರೆಗೆ ಬೇಕಾಗಲಿಲ್ಲ. ಅವನ ಸರಪಳಿಯ ಉಲ್ಲೇಖ ಬರುವುದು, ಅವನನ್ನು ಬಿಡುಗಡೆ ಮಾಡಿದ್ದು ಕಂಪನಿಯವರು ಮಾಡಿದ ಆತುರದ ತಪ್ಪು ಎಂದು ಹೇಳುವ ಸಂದರ್ಭದಲ್ಲಿ. ಇಂದು ಶ್ರೀರಂಗಪಟ್ಟಣಕ್ಕೆ ಹೋದ ಪ್ರವಾಸಿಗರಿಗೆ ಎರಡು ನೆಲಮಾಳಿಗೆಯ ಸೆರೆಮನೆಗಳನ್ನು ತೋರಿಸುತ್ತಾರೆ. ಒಂದಕ್ಕೆ ಕರ್ನಲ್ ಬೈಲಿಯ ಹೆಸರು, ಇನ್ನೊಂದಕ್ಕೆ ಇನ್‌ಮನ್ ಎಂಬ ಇಂಗ್ಲಿಷರವನ ಹೆಸರು. ಮದಕರಿ ನಾಯಕನ ಸೆರೆ, ಧೋಂಡಿಯನ ಸೆರೆ ಎಂದು ಕರೆಯಲಾಗುವ ಜಾಗ ಅಲ್ಲಿಲ್ಲ. ಸ್ಥಳನಾಮವು ಸಮುದಾಯದ ಸ್ಮೃತಿಯನ್ನು ಹಿಡಿದಿಡುತ್ತದೆ ಎಂದು ನಾವು ಹೇಳುತ್ತೇವೆ. ಅದು ಯಾರ ಸ್ಮೃತಿ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

5. ಬಿಡುಗಡೆಯ ನಂತರ

1799ರ ಮೇ 4ರಂದು ಟಿಪ್ಪು ಮಡಿದನು. ಗೊಂದಲದ ನಡುವೆ ಸೆರೆಮನೆಗಳ ಬಾಗಿಲು ತೆರೆಯಿತು. ಧೋಂಡಿಯ ಹೊರಬಂದನು. ವರ್ಷಗಟ್ಟಲೆ ಬೇಡಿಯಲ್ಲಿದ್ದ ಮನುಷ್ಯ ಊರಿಗೆ ಮರಳಿ ಉಳಿದ ಆಯುಷ್ಯವನ್ನು ಕಳೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಮೂರು ತಿಂಗಳು ತುಂಬುವುದರೊಳಗೆ ಅವನು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿ ನಿಂತಿದ್ದನು. ಹಲವು ಕೋಟೆಗಳ ಕಿಲ್ಲೇದಾರರು ಅವನ ಪರವಾದರು. ಸೆರೆ ಅವನ ದೇಹವನ್ನಾಗಲಿ ಮನಸ್ಸನ್ನಾಗಲಿ ಮುರಿದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಅವನ ಸುತ್ತ ನೆರೆದವರು ಯಾರು ಎಂಬುದು ಇಲ್ಲಿ ನಿರ್ಣಾಯಕ. ಟಿಪ್ಪುವಿನ ಸೈನ್ಯ ವಿಸರ್ಜನೆಗೊಂಡು ಸಾವಿರಾರು ಸವಾರರು, ಸಿಲ್ಲೇದಾರರು ಉದ್ಯೋಗವಿಲ್ಲದೆ ಬೀದಿಗೆ ಬಿದ್ದಿದ್ದರು. ಹೊಸದಾಗಿ ಸ್ಥಾಪಿತವಾದ ಮೈಸೂರು ಸಂಸ್ಥಾನಕ್ಕಾಗಲಿ ಕಂಪನಿಗಾಗಲಿ ಅವರು ಬೇಕಾಗಿರಲಿಲ್ಲ. ಅವರೇ ಧೋಂಡಿಯನ ದಂಡಿನ ತಿರುಳು. ತನ್ನನ್ನು ಬೇಡಿಯಲ್ಲಿಟ್ಟ ಸುಲ್ತಾನನ ಸವಾರರನ್ನೇ ಅವನು ಕೂಡಿಸಿಕೊಂಡನು, ಅವರೂ ತಮ್ಮ ಒಡೆಯನ ಬಂದಿಯನ್ನೇ ನಾಯಕನೆಂದು ಒಪ್ಪಿದರು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನು ಶರಣಾಗತಿಯ ಯೋಚನೆಯಲ್ಲಿದ್ದಾಗ, ಶರಣಾಗದೆ ಹೋರಾಟ ಮುಂದುವರಿಸುವಂತೆ ಸಲಹೆಯಿತ್ತವರಲ್ಲಿ ಮಲಿಕ್ ಜಹಾನ್ ಖಾನನೂ ಒಬ್ಬನೆಂಬ ವಿವರ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರಸಿ ಇತಿಹಾಸದ ಮೂಲಕ ನಮಗೆ ಬಂದಿದೆ. ಸೆರೆಯಿಂದ ಹೊರಬಂದವನ ಮೊದಲ ಮಾತು ಪ್ರತೀಕಾರದ್ದಾಗಿರಲಿಲ್ಲ. ಸೆರೆಯಿಟ್ಟವನ ಮಗನಿಗೆ ಅವನು ಹೇಳಿದ್ದು ಕಂಪನಿಗೆ ಬಾಗಬೇಡವೆಂದು. ಧೋಂಡಿಯನ ಕಥೆಯನ್ನು ಎರಡು ಮತಗಳ ವೈರದ ಕಥೆಯಾಗಿ ಓದುವವರು ಈ ಸಂಗತಿಯ ಎದುರು ಒಂದು ಕ್ಷಣ ನಿಲ್ಲಬೇಕಾಗುತ್ತದೆ.

1799ರ ಆಗಸ್ಟಿನಲ್ಲಿ ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್‌ರಿಂಪಲ್‌ರ ಪಡೆಗಳು ಎರಡು ಕಡೆಯಿಂದ ಬೆನ್ನಟ್ಟಿದವು. ಶಿಕಾರಿಪುರದ ಬಳಿ ಸೋತ ಧೋಂಡಿಯ ಹೊಳೆ ದಾಟಿ ಮರಾಠರ ಸೀಮೆಗೆ ಪಾರಾದನು. ಅಲ್ಲಿ ಹಳೆಯ ವೈರಿ ಧೋಂಡೋಪಂತ ಗೋಖಲೆ ಅವನ ಪಾಳೆಯದ ಮೇಲೆ ಬಿದ್ದನು. ಇಷ್ಟಾದರೂ 1800ರ ಬೇಸಿಗೆಯ ಹೊತ್ತಿಗೆ ಅವನು ಧಾರವಾಡ ಸೀಮೆಯಲ್ಲಿ ಮೊದಲಿಗಿಂತ ದೊಡ್ಡ ದಂಡಿನೊಂದಿಗೆ ನಿಂತಿದ್ದನು. ಈ ದಂಡಿನ ಭಾರವನ್ನು ಹೊತ್ತವರು ರೈತರೇ ಎಂಬುದನ್ನೂ ಮರೆಯಬಾರದು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಾಳುಬಿದ್ದ ಊರುಗಳನ್ನು ಕಂಡು, ಹಿಂದಿನ ಯುದ್ಧಗಳ ಜೊತೆಗೆ ಧೋಂಡಿಯನ ಹಾವಳಿಯನ್ನೂ ಕಾರಣವಾಗಿ ಗುರುತಿಸಿದ್ದಾನೆ. ತುಂಗಭದ್ರೆಯ ಎರಡೂ ದಡದ ಹಳ್ಳಿಗಳಿಗೆ ಬೆನ್ನಟ್ಟಿದವರ ಸೈನ್ಯವೂ ಓಡಿದವನ ದಂಡೂ ಹುಲ್ಲು ಕಾಳು ಕಸಿಯುವ ಎರಡು ಕೈಗಳಾಗಿದ್ದವು.

6. ಉಭಯಲೋಕಾಧೀಶ್ವರ

ಈ ಹಂತದಲ್ಲಿ ಧೋಂಡಿಯ ಧರಿಸಿದ ಬಿರುದು ‘ಉಭಯಲೋಕಾಧೀಶ್ವರ’. ಇಂಗ್ಲಿಷರು ಇದನ್ನು ಎರಡು ಲೋಕಗಳ ರಾಜನೆಂದು ಅನುವಾದಿಸಿಕೊಂಡು ತಮ್ಮ ಪತ್ರಗಳಲ್ಲಿ ಹಾಸ್ಯದ ವಸ್ತುವನ್ನಾಗಿ ಮಾಡಿದರು. ನಂತರದ ಬರಹಗಾರರೂ ಅದನ್ನು ಒಬ್ಬ ದರೋಡೆಕೋರನ ಹುಚ್ಚು ಅಹಂಕಾರವೆಂದೇ ಭಾವಿಸಿದರು.

ಕನ್ನಡ ನಾಡಿನ ಬಿರುದಾವಳಿಯ ಪರಂಪರೆಯನ್ನು ಬಲ್ಲವರಿಗೆ ಅದು ಅಷ್ಟು ವಿಚಿತ್ರವಾಗಿ ಕಾಣದು. ನೆಲ ಕಡಿಮೆಯಿದ್ದಷ್ಟೂ ಬಿರುದು ಉದ್ದವಾಗುವುದು ಪಾಳೆಯಗಾರರ ಶಾಸನಗಳಲ್ಲಿ ಸಾಮಾನ್ಯ. ಆದರೆ ಈ ಬಿರುದಿಗೆ ಇನ್ನೊಂದು ಓದು ಸಾಧ್ಯವೆಂದು ನನಗೆ ತೋರುತ್ತದೆ. ಇಹ ಮತ್ತು ಪರ ಎಂಬ ಎರಡು ಲೋಕಗಳ ಒಡೆತನವನ್ನು ಘೋಷಿಸಿಕೊಂಡವನು ವರ್ಷಗಟ್ಟಲೆ ಈ ಲೋಕದಿಂದ ಅಳಿಸಿಹೋಗಿದ್ದವನು. ಅವನಿಗೆ ಎರಡು ಹೆಸರುಗಳಿದ್ದವು, ಎರಡು ಮತಗಳ ಗುರುತುಗಳಿದ್ದವು. ಸತ್ತವನೆಂದು ಲೆಕ್ಕಕ್ಕೆ ಬಿಟ್ಟವನು ಎದ್ದು ಬಂದಿದ್ದನು. ನಮ್ಮ ಜನಪದ ಕಥೆಗಳಲ್ಲಿ ಪಾತಾಳಕ್ಕೆ ಇಳಿದು ಮರಳಿದ ನಾಯಕನಿಗೆ ಮೇಲಿನ ಲೋಕದಲ್ಲಿ ಹೊಸ ಅಧಿಕಾರ ಪ್ರಾಪ್ತವಾಗುತ್ತದೆ. ಧೋಂಡಿಯನನ್ನು ಹಿಂಬಾಲಿಸಿದ ಸವಾರರು ಇಂಥ ಕಥೆಗಳನ್ನು ಕೇಳಿ ಬೆಳೆದವರು. ಅವರ ಕಿವಿಗೆ ಆ ಬಿರುದು ಹುಚ್ಚುತನವಾಗಿ ಕೇಳಿಸಿರಲಾರದು. ಇದು ಸಿದ್ಧಪಡಿಸಿದ ನಿರ್ಣಯವಲ್ಲ, ಒಂದು ಓದು ಮಾತ್ರ. ಆದರೆ ಸೆರೆವಾಸವನ್ನು ಲೆಕ್ಕಕ್ಕೆ ತಂದಾಗ ಮಾತ್ರ ಇಂಥ ಓದು ತೆರೆದುಕೊಳ್ಳುತ್ತದೆ.

ಮದರಾಸು ಸರ್ಕಾರ ಅವನನ್ನು ಯಾವ ಭಾಷೆಯಲ್ಲಿ ಕಂಡಿತು ಎಂಬುದು ಅದು 1800ರ ಮೇ ತಿಂಗಳಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ನೀಡಿದ ಆದೇಶದಲ್ಲಿ ಸ್ಪಷ್ಟವಾಗಿದೆ. ಸಿಕ್ಕಲ್ಲಿ ಹಿಡಿದು ಎದುರಾದ ಮೊದಲ ಮರಕ್ಕೆ ನೇತುಹಾಕಬೇಕೆಂಬುದು ಅದರ ತಾತ್ಪರ್ಯ. ಯುದ್ಧಬಂದಿಯ ಸ್ಥಾನವಾಗಲಿ ವಿಚಾರಣೆಯಾಗಲಿ ಅವನಿಗೆ ಇಲ್ಲ. ತಮ್ಮ ಸೈನಿಕರನ್ನು ಸೆರೆಯಲ್ಲಿ ಹೀನಾಯವಾಗಿ ನಡೆಸಿಕೊಂಡನೆಂದು ಟಿಪ್ಪುವನ್ನು ದೂಷಿಸಿದ ಸರ್ಕಾರವೇ ಟಿಪ್ಪುವಿನ ಬಂದಿಗೆ ಸೆರೆಯನ್ನೂ ನಿರಾಕರಿಸಿತು.

ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದ ಅಧಿಕಾರಿಯಾಗಿದ್ದನು. ಬಟಾವಿಯದ ಮೇಲಿನ ದಂಡಯಾತ್ರೆಯ ನಾಯಕತ್ವ ತನಗೆ ಬಂದಾಗಲೂ ಅದನ್ನು ಬಿಟ್ಟು ಧೋಂಡಿಯನ ಬೆನ್ನಟ್ಟುವುದನ್ನೇ ಅವನು ಆರಿಸಿಕೊಂಡನು. ದಿವಾನ್ ಪೂರ್ಣಯ್ಯನವರ ನೆರವಿನೊಂದಿಗೆ ಆಹಾರ, ಎತ್ತು, ಮೈಸೂರಿನ ಸವಾರರನ್ನು ಒದಗಿಸಿಕೊಂಡು ಜೂನ್ ಕೊನೆಯಲ್ಲಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದನು. ಜೂನ್ 27ರಂದು ರಾಣೆಬೆನ್ನೂರಿನ ಕೋಟೆ ಅವನ ವಶವಾಯಿತು. ಜೂನ್ 30ರಂದು ಧೋಂಡಿಯ ಕಿತ್ತೂರಿನ ಬಳಿ ಧೋಂಡೋಪಂತ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದನು. ಜುಲೈ 26ರಂದು ಡಂಬಳ ಬಿತ್ತು. 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಧೋಂಡಿಯನ ಸಾಮಾನು ಸರಂಜಾಮು ವೆಲ್ಲೆಸ್ಲಿಯ ಕೈಸೇರಿತು. ತುಂಬಿದ ಹೊಳೆಗಳನ್ನು ದಾಟುತ್ತ ಬೆನ್ನಟ್ಟುವಿಕೆ ಇನ್ನೂ ಆರು ವಾರ ನಡೆಯಿತು. 1800ರ ಸೆಪ್ಟೆಂಬರ್ 10ರಂದು ರಾಯಚೂರು ದೋಆಬಿನ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳೊಂದಿಗೆ ಅವನನ್ನು ಎದುರಿಸಿದನು. ಧೋಂಡಿಯನ ಬಳಿ ಆಗ ಸುಮಾರು 5,000 ಸವಾರರಿದ್ದರು. ಅವನು ಓಡದೆ ನಿಂತನು. ಅಂದಿನ ಹೋರಾಟದಲ್ಲಿ ಅವನು ಮಡಿದನು. ಗುರುತು ಹಿಡಿದ ದೇಹವನ್ನು ಫಿರಂಗಿಯ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಬೈಲಿ ಮತ್ತು ಬೇರ್ಡ್ ಸೆರೆಯಾದ ಪೊಲ್ಲಿಲೂರಿನ ದಿನಕ್ಕೆ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು.

ಥಾಮಸ್ ಮನ್ರೋ ಕೆಲವೇ ದಿನಗಳಲ್ಲಿ ವೆಲ್ಲೆಸ್ಲಿಗೆ ಬರೆದ ಅಭಿನಂದನೆಯ ಪತ್ರದಲ್ಲಿ, ಕಂಪನಿಯ ಸೈನ್ಯ ಅಡ್ಡ ಬರದಿದ್ದರೆ ಧೋಂಡಿಯ ಸ್ವತಂತ್ರ ದೊರೆಯಾಗಿ ಹೊಸ ವಂಶವೊಂದನ್ನು ಸ್ಥಾಪಿಸುತ್ತಿದ್ದನೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಆ ಮಾತಿನಲ್ಲಿ ಮೆಚ್ಚುಗೆಗಿಂತ ತಿರಸ್ಕಾರವೇ ಹೆಚ್ಚು. ಆದರೂ ಬರಿಯ ಕಳ್ಳನ ಬಗ್ಗೆ ಯಾರೂ ಹಾಗೆ ಬರೆಯುವುದಿಲ್ಲ.

ಪಾಳೆಯದ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಬಾಲಕನೊಬ್ಬ ಸಿಕ್ಕಿದನು. ಧೋಂಡಿಯನ ದತ್ತುಮಗ ಸಲಾಬತ್ ಖಾನ್. ವಯಸ್ಸಿನ ಲೆಕ್ಕ ಹಿಡಿದರೆ ಆ ಮಗು ಹುಟ್ಟಿದ್ದು ಧೋಂಡಿಯ ಬೇಡಿಯಲ್ಲಿದ್ದ ವರ್ಷಗಳಲ್ಲಿ. ಹೊರಬಂದ ಬಂದಿ ದಂಡಿನ ಜೊತೆಗೆ ಒಂದು ಮಗುವನ್ನೂ ತನ್ನದಾಗಿಸಿಕೊಂಡಿದ್ದನು. ವೆಲ್ಲೆಸ್ಲಿ ಆ ಬಾಲಕನ ಪಾಲನೆಗೆ ವ್ಯವಸ್ಥೆ ಮಾಡಿದನು, 1805ರಲ್ಲಿ ಭಾರತವನ್ನು ಬಿಡುವಾಗ ಅವನಿಗಾಗಿ ಹಣವನ್ನೂ ಇರಿಸಿಹೋದನು. ಮುಂದೆ ಮೈಸೂರು ಮಹಾರಾಜರ ಸೇವೆಗೆ ಸೇರಿದ ಸಲಾಬತ್ ಖಾನ್ 1822ರಲ್ಲಿ ಕಾಲರಾದಿಂದ ತೀರಿಕೊಂಡನು.

7. ಸಮಾರೋಪ

ಧೋಂಡಿಯ ವಾಘನನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಬೇಕೆ, ಬೇಡವೇ ಎಂಬ ಚರ್ಚೆ ಆಗಾಗ ನಡೆಯುತ್ತದೆ. ಅದು ಪಟ್ಟಿಯ ಪ್ರಶ್ನೆ. ಜಾನಪದ ಮತ್ತು ಚರಿತ್ರೆ ಎರಡನ್ನೂ ಓದುವವರಿಗೆ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ಯಾರ ಸೆರೆ ಚರಿತ್ರೆಯಾಗುತ್ತದೆ?

ಇಂಗ್ಲಿಷ್ ಬಂದಿಗಳು ಬರೆದರು, ಅವರ ಪರವಾಗಿ ಬರೆಯುವವರಿದ್ದರು, ಅಚ್ಚುಕೂಟವಿತ್ತು. ಧೋಂಡಿಯನ ಬಗ್ಗೆ ಬರೆದವರೆಲ್ಲ ಅವನನ್ನು ಸೋಲಿಸಿದವರು ಅಥವಾ ಸೋಲಿಸಿದವರ ದಾಖಲೆಗಳನ್ನು ಆಧರಿಸಿದವರು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810 ಮತ್ತು 1817ರ ನಡುವೆ ಪ್ರಕಟಿಸಿದ ಇತಿಹಾಸ, 1830ರ ದಶಕದಲ್ಲಿ ಅಚ್ಚಾದ ವೆಲ್ಲೆಸ್ಲಿಯ ಪತ್ರಸಂಪುಟಗಳು, ಅವುಗಳಿಂದ ಗೆಜೆಟಿಯರುಗಳು. ಹೀಗೆ ಒಂದೇ ಬುಗ್ಗೆಯ ನೀರು ಹಲವು ಕಾಲುವೆಗಳಲ್ಲಿ ಹರಿದಿದೆ. ಕನ್ನಡದ ಲಾವಣಿ ಪರಂಪರೆ ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಕಾಪಾಡಿಕೊಂಡಿತು. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಲಾವಣಿಗಳಲ್ಲಿ ಅವರಿಬ್ಬರ ಹಾಡುಗಳೂ ಇವೆ. ರಾಯಣ್ಣನಿಗೆ ಕಿತ್ತೂರು ಎಂಬ ಸಂಸ್ಥಾನವಿತ್ತು, ಹಲಗಲಿಯವರಿಗೆ ತಮ್ಮ ಊರಿತ್ತು. ಹಾಡು ಹುಟ್ಟಲು ಹಾಡುವವರು ನಿಂತ ನೆಲ ಬೇಕು. ಎಲ್ಲ ರಾಜ್ಯಗಳ ಎಲ್ಲೆಗಳಲ್ಲೂ ಹೊರಗಿನವನಾಗಿ ಉಳಿದ ಧೋಂಡಿಯನಿಗೆ ಅಂಥ ನೆಲವಿರಲಿಲ್ಲ. ಸ್ಮೃತಿಯ ರಾಜಕಾರಣವನ್ನು ಕುರಿತು ಆಲೋಚಿಸುವವರು ಗಮನಿಸಬೇಕಾದ ಅಂತರ ಇದು.

ಈ ದಿಕ್ಕಿನಲ್ಲಿ ಆಗಬೇಕಾದ ಕೆಲಸ ಸಾಕಷ್ಟಿದೆ. ಕಾಲಿನ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಬರೆಯಿಸಿಕೊಂಡ ಕೈಫಿಯತ್ತುಗಳಲ್ಲಿ ಹಲವನ್ನು ಎಂ. ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟದಲ್ಲಿ ಸಂಪಾದಿಸಿಕೊಟ್ಟಿದ್ದಾರೆ. ಅವುಗಳನ್ನು ಇದುವರೆಗೆ ವಂಶಾವಳಿಗಾಗಿ, ಯುದ್ಧಗಳಿಗಾಗಿ, ಭೂದಾನಗಳಿಗಾಗಿ ಓದಲಾಗಿದೆ. ಸೆರೆಗಾಗಿ ಮತ್ತೊಮ್ಮೆ ಓದಬೇಕಾಗಿದೆ. ಯಾರನ್ನು ಎಲ್ಲಿ ಇರಿಸಿದರು, ಯಾರು ಹೆಸರು ಬದಲಿಸಿಕೊಂಡು ಮರಳಿದರು, ಯಾರು ಮರಳಲಿಲ್ಲ ಎಂಬುದನ್ನು ಸೀಮೆವಾರು ಗುರುತಿಸಿದರೆ ಹದಿನೆಂಟನೆಯ ಶತಮಾನದ ಕರ್ನಾಟಕದ ಇನ್ನೊಂದು ನಕ್ಷೆ ದೊರೆಯುತ್ತದೆ. ಅದರಲ್ಲಿ ಮಧುಗಿರಿಯ ವೀರಮ್ಮಾಜಿ, ಶ್ರೀರಂಗಪಟ್ಟಣದ ಮದಕರಿ, ಹೆಸರೇ ಉಳಿಯದ ದುರ್ಗದ ಬೇಡರ ಮಕ್ಕಳು, ಪೊಲ್ಲಿಲೂರಿನ ಸೈನಿಕರು ಮತ್ತು ಚನ್ನಗಿರಿಯ ಧೋಂಡಿಯ ಒಂದೇ ಹಾಳೆಯ ಮೇಲೆ ಬರುತ್ತಾರೆ.

ಸಂತೇಬೆನ್ನೂರಿನ ಪುಷ್ಕರಿಣಿಯಲ್ಲಿ ಮಂಟಪದ ನೆರಳೂ ಮುಸಾಫಿರಖಾನೆಯ ನೆರಳೂ ಒಂದೇ ನೀರಿನ ಮೇಲೆ ಬೀಳುತ್ತವೆ. ಕಟ್ಟಿಸಿದವರ ಹೆಸರುಗಳನ್ನು ಮಾರ್ಗದರ್ಶಕರು ಹೇಳುತ್ತಾರೆ. ಅದೇ ತಾಲ್ಲೂಕಿನ ಕೇಂದ್ರವಾದ ಚನ್ನಗಿರಿಯಲ್ಲಿ ಹುಟ್ಟಿದವನೊಬ್ಬನಿಗೆ ಒಂದು ಪ್ರಭುತ್ವ ಬೇಡಿಯನ್ನೂ ಇನ್ನೊಂದು ಪ್ರಭುತ್ವ ಮರದ ಕೊಂಬೆಯನ್ನೂ ಗೊತ್ತುಮಾಡಿದ್ದವು. ಬೇಡಿಯನ್ನು ಅವನು ಸಹಿಸಿ ಬದುಕಿದನು. ಕೊಂಬೆಗೆ ಸಿಕ್ಕದೆ ಕುದುರೆಯ ಮೇಲೆ ಹೋರಾಡುತ್ತ ಸತ್ತನು. ಆ ಮೊದಲನೆಯ ಸಹನೆಯನ್ನೂ ಶೌರ್ಯವೆಂದು ಗುರುತಿಸುವಷ್ಟು ನಮ್ಮ ವೀರತ್ವದ ಕಲ್ಪನೆ ವಿಸ್ತಾರಗೊಳ್ಳಬೇಕಾಗಿದೆ.